ಮೂರು ಸಾವಿರದ ಇಂಟರ್ನೆಟ್ಟೂ ನಮ್ಮ ದಿಬ್ಬದ ಮೇಲಿನ ಲೆಕ್ಕವೂ

ಭಾನುವಾರ ಶಿವಮೊಗ್ಗದಲ್ಲಿ ನಮ್ಮ ಕಡೆಯವರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನನ್ನ ಎದುರಿಗೆ ಕುಳಿತಿದ್ದವರು ವರಸೆಯಲ್ಲಿ ನನಗೆ ಮೈದುನನಾಗಬೇಕು. ಬೆಂಗಳೂರಿನಲ್ಲಿ ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು ಮನೆಗೆ ಎರಡು ಕಂಪನಿಗಳ ಫೈಬರ್ ಸಂಪರ್ಕ ಹಾಕಿಸಿಕೊಂಡವರು. ಹೋಳಿಗೆ ಬಡಿಸುವ ಹೊತ್ತಿಗೆ ಅವರಿಗೆ ನಮ್ಮ ಊರಿನ ನೆನಪಾಯಿತು. “ಅಲ್ಲ ಅತ್ತಿಗೆ, ಸ್ಯಾಟಲೈಟ್ ಇಂಟರ್ನೆಟ್ ಬಂದ್ರೆ ತಿಂಗಳಿಗೆ ಮೂರು ಸಾವಿರ ಆಗ್ತದಂತೆ. ಹಳ್ಳಿಯವರಿಗೆ ಅಷ್ಟು ದುಡ್ಡು ಕೊಟ್ಟು ಅದ್ಯಾಕೆ? ರೀಲ್ಸ್ ನೋಡೋದಕ್ಕಾ?” ಎಂದರು. ಪಂಕ್ತಿಯೆಲ್ಲ ನಕ್ಕಿತು. ತುಪ್ಪ ಹಾಕಿಸಿಕೊಳ್ಳುತ್ತಿದ್ದ ನಾನೂ ನಕ್ಕೆ, ಏಕೆಂದರೆ ಇನ್ನೊಬ್ಬರ ಮನೆಯ ಶುಭಕಾರ್ಯದಲ್ಲಿ ಜಗಳ ತೆಗೆಯಬಾರದೆಂದು ನನ್ನ ಅಮ್ಮ ಕಲಿಸಿದ್ದಾಳೆ. ಫೇಸ್‌ಬುಕ್‌ನಲ್ಲಿ ತೆಗೆಯಬಾರದೆಂದು ಆಕೆ ಹೇಳಿಲ್ಲ.

ನಾನು ಬ್ಯಾಂಕಿನ ಕೆಲಸಕ್ಕೆ ಸ್ವಯಂನಿವೃತ್ತಿ ಪಡೆದು ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯ ನಮ್ಮ ತೋಟಕ್ಕೆ ಮರಳಿದ ಕಥೆ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ. ಗೊತ್ತಿಲ್ಲದ ಸಂಗತಿಯೆಂದರೆ, ಈ ಬರಹವನ್ನು ನಾನು ಮನೆಯ ಜಗಲಿಯಲ್ಲಿ ಕುಳಿತು ಬರೆಯುತ್ತಿದ್ದೇನಾದರೂ ಇಲ್ಲಿಂದ ಹಾಕಲಾರೆ. ನಾಳೆ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಅದು ನಿಮ್ಮನ್ನು ತಲುಪುತ್ತದೆ. ಅಲ್ಲಿಯವರೆಗೂ ನನ್ನ ಸಿಟ್ಟು ಬಿಸಿಯಾಗಿಯೇ ಇರಲಿ ಎಂಬುದು ನನ್ನ ಆಸೆ.

ಆ ನಗೆಯನ್ನು ಅಲ್ಲಿಯೇ ಬಿಟ್ಟು ಬರುತ್ತಿದ್ದೆನೋ ಏನೋ, ಮರುದಿನ ಬೆಳಿಗ್ಗೆ ಸೊಸೈಟಿಯ ಎದುರು ಕಂಡ ದೃಶ್ಯ ಬಿಡಲಿಲ್ಲ. ತಿಂಗಳ ಅಕ್ಕಿ ಬಂದಿತ್ತು. ಅಕ್ಕಿ ಇರುವುದು ಕೆಳಗೆ ಅಂಗಡಿಯಲ್ಲಿ, ನೆಟ್‌ವರ್ಕ್ ಇರುವುದು ಮೇಲೆ ದಿಬ್ಬದ ನೆತ್ತಿಯ ಹಲಸಿನ ಮರದ ಬುಡದಲ್ಲಿ. ಆದ್ದರಿಂದ ಅಂಗಡಿಯ ಹುಡುಗ ಬೆರಳಚ್ಚಿನ ಯಂತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ದಿಬ್ಬ ಹತ್ತುತ್ತಾನೆ, ಅವನ ಹಿಂದೆ ಅರವತ್ತು ಕಾರ್ಡಿನ ಜನ ಹತ್ತುತ್ತಾರೆ, ಅಲ್ಲಿ ಥಂಬ್ ಕೊಟ್ಟು ಚೀಟಿ ಹಿಡಿದು ಮತ್ತೆ ಇಳಿದು ಅಕ್ಕಿ ಹೊರುತ್ತಾರೆ. ನಮ್ಮ ಪಕ್ಕದ ಕೇರಿಯ ಅಜ್ಜಿಯೊಬ್ಬರು ಐವತ್ತು ವರ್ಷ ಅಡಿಕೆ ಸುಲಿದವರು. ಮೆಟ್ಟುಗತ್ತಿಯ ಮುಂದೆ ಕುಳಿತು ಬೆರಳಿನ ಗೆರೆಗಳನ್ನೆಲ್ಲ ಸವೆಸಿಕೊಂಡಿದ್ದಾರೆ. ಎಂಟು ಸಲ ಒತ್ತಿದ ಮೇಲೆ ಯಂತ್ರ ಅವರ ಬೆರಳನ್ನು ಒಪ್ಪುವ ಹೊತ್ತಿಗೆ ಸರಿಯಾಗಿ ನೆಟ್‌ವರ್ಕ್ ಹೋಯಿತು. ಅಜ್ಜಿ ಮರದ ಬೇರಿನ ಮೇಲೆ ಕುಳಿತುಬಿಟ್ಟರು. ಯಾರೂ ರೀಲ್ಸ್ ನೋಡುತ್ತಿರಲಿಲ್ಲ, ಮೈದುನರೇ.

ಹಳ್ಳಿಗೆ ಇಂಟರ್ನೆಟ್ ಎಷ್ಟು ದುಬಾರಿ ಎಂದು ಕೇಳುವವರು ಇಂಟರ್ನೆಟ್ ಇಲ್ಲದಿರುವುದು ಎಷ್ಟು ದುಬಾರಿ ಎಂದು ಏಕೆ ಕೇಳುವುದಿಲ್ಲ ಎಂಬುದೇ ನನ್ನ ತಕರಾರು. ಬ್ಯಾಂಕಿನಲ್ಲಿ ಇದ್ದವಳಿಗೆ ಲೆಕ್ಕ ಬರೆಯುವ ಚಟ ಹೋಗುವುದಿಲ್ಲವಾದ್ದರಿಂದ ಜುಲೈನಿಂದ ಈಚೆಗಿನ ನನ್ನ ಖರ್ಚಿನ ಪುಸ್ತಕ ತೆಗೆದು ನೋಡಿದೆ. ಮನೆಯಲ್ಲಿ ಇಂಟರ್ನೆಟ್ ಇದ್ದಿದ್ದರೆ ಬೇಕಾಗದಿದ್ದ ಕೆಲಸಗಳಿಗಾಗಿ, ಅಂದರೆ ಬೆಳೆ ವಿಮೆಯ ಕಂತು, ಪಹಣಿಯ ಪ್ರತಿ, ಇ-ಕೆವೈಸಿ, ಮಗನೊಂದಿಗೆ ಮುಖ ನೋಡಿ ನಾಲ್ಕು ಮಾತು, ಇಂಥವಕ್ಕಾಗಿ ಆರು ತಿಂಗಳಲ್ಲಿ 14 ಸಲ ಸಾಗರಕ್ಕೆ ಹೋಗಿಬಂದಿದ್ದೇನೆ. ಬಸ್ಸು, ಕಾಫಿ, ಝೆರಾಕ್ಸ್ ಸೇರಿ ಒಂದು ಸಲಕ್ಕೆ 250 ರೂಪಾಯಿಯಂತೆ 3,500 ರೂಪಾಯಿ ಆಯಿತು. (ಹೆಂಗಸರಿಗೆ ಬಸ್ಸು ಉಚಿತವಲ್ಲವೇ ಎಂದು ಕೇಳಬೇಡಿ. ಉಚಿತ ಸರ್ಕಾರಿ ಬಸ್ಸಿನಲ್ಲಿ. ನಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು.) ಕೊನೆಕೊಯ್ಲಿನ ದಿನಗಳಲ್ಲಿ ಕೆಲಸದವರನ್ನು ತೋಟದಲ್ಲಿ ಬಿಟ್ಟು ಹೋದುದರ ನಷ್ಟ ಇದರಲ್ಲಿ ಸೇರಿಲ್ಲ.

ನನ್ನದು ಸಣ್ಣ ಲೆಕ್ಕ. ಕೆಳಗಿನ ಮನೆಯ ಹುಡುಗಿ ಕಂಪ್ಯೂಟರಿನಲ್ಲಿ ಮನೆಯಿಂದಲೇ ಮಾಡಬಹುದಾದ ಕೆಲಸ ಹಿಡಿದಿದ್ದಾಳೆ, ಆದರೆ ಆ ಮನೆ ಇರುವುದು ಇಲ್ಲಿ. ಆದ್ದರಿಂದ ಸಾಗರದಲ್ಲಿ ತಿಂಗಳಿಗೆ 3,500 ರೂಪಾಯಿ ಬಾಡಿಗೆಯ ಕೋಣೆ ಹಿಡಿದು, ಊಟಕ್ಕೆ ಬೇರೆ ಕೊಟ್ಟು, ಶನಿವಾರ ಸಂಜೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಾಳೆ. ಆ ಕುಟುಂಬ ಮೂರು ಸಾವಿರದ ಇಂಟರ್ನೆಟ್ಟಿನ ಬೆಲೆಯನ್ನು ಆಗಲೇ ಕೊಡುತ್ತಿದೆ. ವ್ಯತ್ಯಾಸವೆಂದರೆ ಇಂಟರ್ನೆಟ್ಟಿಗೆ ಕೊಡುವ ಬದಲು ಬಾಡಿಗೆ ಮನೆಯ ಮಾಲೀಕರಿಗೆ ಕೊಡುತ್ತಿದೆ. ಇನ್ನು ಕಳೆದ ಆಷಾಢದ ರಾತ್ರಿ ನೆರೆಮನೆಯ ಯಜಮಾನರಿಗೆ ಎದೆನೋವು ಬಂದಾಗ 108ಕ್ಕೆ ಕರೆ ಮಾಡುವುದಕ್ಕಾಗಿ ಅವರ ಮಗ ಮಳೆಯಲ್ಲಿ ಟಾರ್ಚು ಹಿಡಿದು ಅದೇ ದಿಬ್ಬ ಹತ್ತಿದ. ಅವರು ಉಳಿದುಕೊಂಡರು. ಆ ಖರ್ಚನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೆಂದು ತಿಳಿಯದೆ ನಾನು ಬರೆಯಲಿಲ್ಲ.

ಬೆಲೆಯ ವಿಷಯದಲ್ಲಿ ಸುಳ್ಳು ಸಮಾಧಾನ ಹೇಳುವುದಿಲ್ಲ, ಅದು ದುಬಾರಿಯೇ. ಸ್ಟಾರ್‌ಲಿಂಕ್ ಎಂಬ ಉಪಗ್ರಹ ಇಂಟರ್ನೆಟ್ ಕಂಪನಿಗೆ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿದ್ದು 2025ರ ಜೂನ್‌ನಲ್ಲಿ. ಒನ್‌ವೆಬ್‌ಗೂ ಜಿಯೋದ ಉಪಗ್ರಹ ಕಂಪನಿಗೂ ಅದಕ್ಕೆ ಮೊದಲೇ ಸಿಕ್ಕಿತ್ತು. ಜುಲೈನಲ್ಲಿ ಕೇಂದ್ರದ ರಾಜ್ಯ ಸಚಿವರು ತಿಂಗಳಿಗೆ ಸುಮಾರು 3,000 ರೂಪಾಯಿ ಆಗಬಹುದೆಂದರು. ಮೈದುನರ ಅಂಕಿ ಬಂದದ್ದು ಅಲ್ಲಿಂದಲೇ ಇರಬೇಕು. 2025ರ ಡಿಸೆಂಬರಿನಲ್ಲಿ ಸ್ಟಾರ್‌ಲಿಂಕಿನ ಭಾರತದ ಜಾಲತಾಣದಲ್ಲಿ ತಿಂಗಳಿಗೆ 8,600, ಉಪಕರಣಕ್ಕೆ 34,000 ರೂಪಾಯಿ ಎಂಬ ದರ ಕಾಣಿಸಿಕೊಂಡು ದೇಶವೆಲ್ಲ ಹೌಹಾರಿದಾಗ, ಅದು ಪರೀಕ್ಷೆಗೆಂದು ಹಾಕಿದ್ದ ಅಂಕಿಯೆಂದೂ ತಾಂತ್ರಿಕ ದೋಷದಿಂದ ಕಾಣಿಸಿತೆಂದೂ ಕಂಪನಿ ಹೇಳಿತು. ಆ ಪರೀಕ್ಷೆಯ ಅಂಕಿಯೇ ನಿಜವಾದರೆ ಮೊದಲ ವರ್ಷಕ್ಕೆ 1,37,200 ರೂಪಾಯಿ, ಅಂದರೆ ನಮ್ಮ ಭಾಷೆಯಲ್ಲಿ ಎರಡು ಕ್ವಿಂಟಾಲಿಗೂ ಮಿಕ್ಕಿದ ರಾಶಿ ಅಡಿಕೆ. ಕೊಳೆ ರೋಗ, ಎಲೆಚುಕ್ಕಿ ರೋಗ ಎರಡನ್ನೂ ಕಂಡ ಸಣ್ಣ ಹಿಡುವಳಿದಾರನ ಮುಂದೆ ಈ ಲೆಕ್ಕ ಹೇಳಲು ನನಗೆ ಬಾಯಿ ಬರುವುದಿಲ್ಲ.

ಹಾಗೆಂದು ಆಕಾಶದಿಂದ ಬರುವ ಸಂಪರ್ಕ ಇಲ್ಲಿಗೆ ಹೊಸದೆಂದು ಯಾರೂ ತಿಳಿಯಬೇಕಿಲ್ಲ. ನಾನು ಕೆಲಸ ಮಾಡಿದ ಹಳ್ಳಿಯ ಶಾಖೆಯೊಂದರ ತಾರಸಿಯ ಮೇಲೆ ವಿಸ್ಯಾಟ್ ಎಂಬ ಉಪಗ್ರಹ ಸಂಪರ್ಕದ ಛತ್ರಿ ಇತ್ತು. ಅದು ಮಾತಾಡುತ್ತಿದ್ದ ಉಪಗ್ರಹ ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಇರುವಂಥದ್ದು; ಇಲ್ಲಿಂದ ಕೇಳಿದ ಪ್ರಶ್ನೆ ಅಲ್ಲಿಗೆ ಹೋಗಿ, ಇಳಿದು, ಉತ್ತರ ಮತ್ತೆ ಹತ್ತಿ ಇಳಿಯುವಷ್ಟರಲ್ಲಿ ಅರ್ಧ ಸೆಕೆಂಡಿಗೂ ಹೆಚ್ಚು ಹೊತ್ತು ಬೇಕು. ಒಂದು ಸಲಕ್ಕೆ ಅದು ಏನೂ ಅಲ್ಲ, ಆದರೆ ಒಂದು ಪರದೆ ತೆರೆಯಲು ಹತ್ತಾರು ಸಲ ಹೋಗಿಬರಬೇಕಾದಾಗ ಗ್ರಾಹಕರು ನನ್ನ ಮುಖ ನೋಡುತ್ತಿದ್ದ ರೀತಿ ನನಗೆ ಇನ್ನೂ ನೆನಪಿದೆ. ಈಗಿನ ಸ್ಟಾರ್‌ಲಿಂಕ್ ಉಪಗ್ರಹಗಳು ಸುಮಾರು 480ರಿಂದ 550 ಕಿಲೋಮೀಟರ್, ಒನ್‌ವೆಬ್‌ನವು 1,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಹತ್ತಿರವಿರುವುದರಿಂದ ವಿಳಂಬ ಕಡಿಮೆ. ಆದರೆ ಹತ್ತಿರವಿರುವುದರಿಂದಲೇ ಒಂದೇ ಕಡೆ ನಿಲ್ಲಲಾರವು, ಒಂದು ದಿಗಂತಕ್ಕೆ ಇಳಿಯುವಾಗ ಇನ್ನೊಂದು ಬಂದು ಕೈಹಿಡಿಯಬೇಕಾದ್ದರಿಂದ ನೂರಾರು, ಸಾವಿರಾರು ಉಪಗ್ರಹಗಳು ಬೇಕು. ದುಬಾರಿಯ ಮೂಲವೂ ಅಲ್ಲಿಯೇ ಇದೆ. ಒನ್‌ವೆಬ್‌ನ 72 ಉಪಗ್ರಹಗಳನ್ನು 2022ರ ಅಕ್ಟೋಬರ್ ಮತ್ತು 2023ರ ಮಾರ್ಚ್‌ನಲ್ಲಿ ನಮ್ಮ ಇಸ್ರೋದ ರಾಕೆಟ್ಟೇ ಶ್ರೀಹರಿಕೋಟಾದಿಂದ ಹೊತ್ತೊಯ್ದಿತ್ತು. ಅವು ನಮ್ಮ ದಿಬ್ಬದ ಮೇಲೆಯೂ ಹಾದುಹೋಗುತ್ತವೆ. ನಾವು ತಲೆಯೆತ್ತಿ ನೋಡುತ್ತೇವೆ.

“ಫೈಬರ್ ಎಳೆದರೆ ಆಯಿತಲ್ಲ, ಅಗ್ಗವೂ ಹೌದು, ವೇಗವೂ ಹೌದು” ಎಂದು ಪಂಕ್ತಿಯ ಕೊನೆಯಲ್ಲಿ ಇನ್ನೊಬ್ಬರು ಹೇಳಿದರು. ಒಪ್ಪಿದೆ. ನೂರಕ್ಕೆ ನೂರು ಒಪ್ಪಿದೆ. ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2011ರ ಅಕ್ಟೋಬರಿನಲ್ಲಿ. ಆಗ ಹುಟ್ಟಿದ ಮಕ್ಕಳು ಈಗ ಹೈಸ್ಕೂಲಿನಲ್ಲಿದ್ದಾರೆ. ಯೋಜನೆಯ ಹೆಸರು ಭಾರತ್‌ನೆಟ್ ಎಂದು ಬದಲಾಯಿತು, 2023ರಲ್ಲಿ ಪರಿಷ್ಕೃತ ಯೋಜನೆಗೆ 1.39 ಲಕ್ಷ ಕೋಟಿ ರೂಪಾಯಿ ಮಂಜೂರಾಯಿತು. ನಾನು ಕಂಡ ಒಂದು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಫೈಬರಿನ ಡಬ್ಬಿಯೂ ಇದೆ; ಅದರಲ್ಲಿ ಕಣಜದ ಹುಳು ಗೂಡು ಕಟ್ಟಿದೆ. ಪಂಚಾಯಿತಿ ಕಚೇರಿಯವರೆಗೆ ತಂತಿ ಬಂದರೂ ಅಲ್ಲಿಂದ ನಮ್ಮ ಚದುರಿದ ಒಂಟಿಮನೆಗಳಿಗೆ, ಒಂದು ಮನೆಯಿಂದ ಇನ್ನೊಂದಕ್ಕೆ ಒಂದು ಹಳ್ಳ, ಒಂದು ತೋಟ, ಒಂದು ಗುಡ್ಡ ದಾಟಿ ಎಳೆಯುವವರು ಯಾರು? ಎಳೆದರೂ ಮಳೆಗಾಲದಲ್ಲಿ ಬೀಳುವ ಮೊದಲ ಮರ ಅದರ ಮೇಲೆಯೇ ಬೀಳುತ್ತದೆ. ಫೈಬರ್ ಬರಲಿ, ಬಂದ ದಿನ ನಾನೇ ಆರತಿ ಎತ್ತುತ್ತೇನೆ. ಆದರೆ ಬರುತ್ತದೆಂಬ ಮಾತನ್ನೇ ಉಂಡು ಎಷ್ಟು ವರ್ಷ ಇರಬೇಕು?

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ ಇದೇ ದಿಬ್ಬದ ಮೇಲೆ ಮೊಬೈಲ್ ಟವರ್ ಹಾಕಲು ಒಂದು ಕಂಪನಿಯವರು ಜಾಗ ನೋಡಿಕೊಂಡು ಹೋಗಿದ್ದರು. ಅದರಿಂದ ಜೇನು ಸಾಯುತ್ತದೆ, ಬಸುರಿಯರಿಗೆ ಕೇಡು ಎಂದು ಎಲ್ಲೋ ಓದಿ, ಬೇಡವೆಂಬ ಅರ್ಜಿ ಬರೆದವಳು ನಾನು. ಮೊದಲ ಸಹಿಯೂ ನನ್ನದೇ. ಆಗ ನನ್ನ ಕೆಲಸ ಪೇಟೆಯಲ್ಲಿತ್ತು, ಫೋನಿಗೆ ನೆಟ್‌ವರ್ಕ್ ಇತ್ತು, ಊರಿಗೆ ರಜೆಯಲ್ಲಿ ಮಾತ್ರ ಬರುತ್ತಿದ್ದೆ. ಊರಿನವರಿಗೆ ಏನು ಬೇಕು, ಏನು ಬೇಡ ಎಂದು ದೂರದಲ್ಲಿ ಕುಳಿತು ತೀರ್ಮಾನಿಸಿದವಳು ನಾನೂ ಹೌದು. ಮೈದುನರ ಮೇಲೆ ನನಗೆ ಇಷ್ಟು ಸಿಟ್ಟು ಬಂದದ್ದಕ್ಕೆ ಅದೂ ಒಂದು ಕಾರಣವಿರಬಹುದು. ಸೋಮವಾರ ಅಜ್ಜಿ ಬೇರಿನ ಮೇಲೆ ಕುಳಿತಾಗ ಆ ಅರ್ಜಿಯ ವಿಷಯ ಅವರಿಗೆ ನೆನಪಿರಲಿಕ್ಕಿಲ್ಲ ಎಂದುಕೊಂಡೆ. ನೆನಪಿತ್ತು. “ಆ ಕಂಬ ಇಲ್ಲೇ ಬರ್ತಿತ್ತು ಅಲ್ದನೇ ತಂಗಿ” ಎಂದರು. ಅಷ್ಟೇ.

ಉಪಗ್ರಹದ ಛತ್ರಿಗೆ ನಮ್ಮ ಸೀಮೆ ಹೇಳಿ ಮಾಡಿಸಿದ ಜಾಗವೂ ಅಲ್ಲ. ಅದಕ್ಕೆ ಬೋಳು ಆಕಾಶ ಬೇಕು. ನಮ್ಮ ಮನೆಗಳು ಇರುವುದು ಅಡಿಕೆ ತೋಟದ ತಗ್ಗಿನಲ್ಲಿ, ಮಾವು ಹಲಸಿನ ಅಡಿಯಲ್ಲಿ. ಉಪಗ್ರಹದೊಂದಿಗೆ ಮಾತಾಡಲು ಬಳಸುವ ಕು-ಬ್ಯಾಂಡಿನ ರೇಡಿಯೊ ತರಂಗಗಳು ಜಡಿಮಳೆಯಲ್ಲಿ ಸೊರಗುತ್ತವೆ. ಇಲ್ಲಿ ಮಳೆ ಹಿಡಿದರೆ ಎದುರಿನ ಗುಡ್ಡವೇ ಕಾಣುವುದಿಲ್ಲ. ಮನೆಬಳಕೆಯ ಛತ್ರಿ 50ರಿಂದ 100 ವ್ಯಾಟ್‌ವರೆಗೆ ವಿದ್ಯುತ್ ಬಳಸುತ್ತದೆ. ಆಷಾಢದಲ್ಲಿ ಮೂರು ದಿನ ಕರೆಂಟಿಲ್ಲದ ಮನೆಯ ಇನ್ವರ್ಟರ್ ಅದನ್ನು ಎಷ್ಟು ಹೊತ್ತು ಹೊರುತ್ತದೆ? ಇಷ್ಟೆಲ್ಲ ಗೊತ್ತಿದ್ದೂ ಬೇಕೆನ್ನುತ್ತೇನೆ, ಏಕೆಂದರೆ ಮಳೆ ಬಂದಾಗ ಒಂದು ಗಂಟೆ ಹೋಗುವ ಸಂಪರ್ಕ ಯಾವಾಗಲೂ ಇಲ್ಲದ ಸಂಪರ್ಕಕ್ಕಿಂತ ಮೇಲು.

ಹಾಗಾದರೆ ಹಣ ಯಾರು ಕೊಡಬೇಕು? ಮನೆಗೊಂದು ಛತ್ರಿ ಬೇಕೆಂದು ನಾನು ಕೇಳುತ್ತಿಲ್ಲ. ನಮ್ಮಲ್ಲಿ ಸೊಸೈಟಿ, ಶಾಲೆ, ಆರೋಗ್ಯ ಉಪಕೇಂದ್ರ ಮೂರೂ ಒಂದೇ ಬಯಲಿನ ಸುತ್ತ ಇವೆ, ಆ ಬಯಲಿಗೆ ಆಕಾಶವೂ ಧಾರಾಳವಾಗಿ ಕಾಣುತ್ತದೆ. ಅಲ್ಲಿ ಒಂದೇ ಒಂದು ಛತ್ರಿ ನಿಂತರೆ, 3,000 ರೂಪಾಯಿಯನ್ನು ಅರವತ್ತು ಕಾರ್ಡಿಗೆ ಹಂಚಿದಾಗ ಮನೆಗೆ 50 ರೂಪಾಯಿ. ಆ ಭೀತಿಯ 8,600ನ್ನೇ ಹಂಚಿದರೂ ಸುಮಾರು 143. ನಮ್ಮ ಊರಿನ ಗಂಡಸರು ಕವಳಕ್ಕೆ ಇದಕ್ಕಿಂತ ಹೆಚ್ಚು ಉಗಿಯುತ್ತಾರೆ. ಅದನ್ನೂ ನಾವೇ ಏಕೆ ಕೊಡಬೇಕೆಂದು ಕೇಳಿದರೆ, ಅದಕ್ಕೂ ದಾರಿ ಇದೆ. ದೂರಸಂಪರ್ಕ ಕಂಪನಿಗಳು ತಮ್ಮ ಆದಾಯದ ಶೇಕಡಾ 5ನ್ನು ಹಿಂದುಳಿದ ಪ್ರದೇಶಗಳ ಸಂಪರ್ಕಕ್ಕೆಂದು ಇರುವ ನಿಧಿಗೆ ಕಟ್ಟುತ್ತವೆ. ಅದರ ಈಗಿನ ಹೆಸರು ಡಿಜಿಟಲ್ ಭಾರತ್ ನಿಧಿ. ದಿಬ್ಬ ಹತ್ತಿ ರೀಚಾರ್ಜ್ ಮಾಡಿಸುವ ನಮ್ಮ ದುಡ್ಡಿನ ಪಾಲೂ ಅದರಲ್ಲಿದೆ. 2025ರ ಮೇ ತಿಂಗಳಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ ಸಂಪರ್ಕವಿಲ್ಲದ ಕಡೆಗಳಲ್ಲಿ ಉಪಗ್ರಹದ ಉಪಕರಣಕ್ಕೆ ಸಹಾಯಧನ ಕೊಡುವುದನ್ನು ಸರ್ಕಾರ ಪರಿಶೀಲಿಸಬಹುದೆಂದು ಶಿಫಾರಸು ಮಾಡಿದೆ. ಪಟ್ಟಣದ ಗ್ರಾಹಕನೊಬ್ಬನಿಗೆ ವರ್ಷಕ್ಕೆ 500 ರೂಪಾಯಿಯಂತೆ ಉಪಗ್ರಹ ಕಂಪನಿಗಳಿಂದ ಹೆಚ್ಚುವರಿ ಶುಲ್ಕ ಪಡೆದು ಹಳ್ಳಿಯ ಗ್ರಾಹಕರನ್ನು ಅದರಿಂದ ಬಿಡಬೇಕೆಂದೂ ಹೇಳಿದೆ. ಇದನ್ನು ಓದಿ ಮೈದುನರಿಗೆ ಹೋಳಿಗೆ ಗಂಟಲಲ್ಲಿ ಸಿಕ್ಕಿಕೊಂಡರೆ ಕ್ಷಮೆ ಇರಲಿ.

ಹಳ್ಳಿಯ ನಾಲ್ಕು ಜನರಿಗಾಗಿ ಇಷ್ಟು ಖರ್ಚೇ ಎಂಬ ಮಾತು ನಮಗೆ ಹೊಸದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ನಿಂತಾಗ ನಮ್ಮ ಅಜ್ಜನ ಗದ್ದೆ ನೀರಿನಡಿ ಹೋಯಿತು, ನಾಡಿಗೆ ಬೆಳಕು ಬಂತು. ಆಗ ಯಾರೂ ತಲೆಗೆ ಎಷ್ಟು ಬಿತ್ತು ಎಂದು ಭಾಗಿಸಿ ನೋಡಲಿಲ್ಲ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸುಮಾರು 470 ಕೋಟಿ ರೂಪಾಯಿಯಲ್ಲಿ ಕಟ್ಟಿ 2025ರ ಜುಲೈ 14ರಂದು ತೆರೆಯುವವರೆಗೆ ನಾವು ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದೆವು, ಬಾಣಂತಿಯರೂ ಕಾದರು, ಹೆಣಗಳೂ ಕಾದವು. ಈಗ ಅದೇ ಸೇತುವೆಯ ಮೇಲೆ ವಾರಾಂತ್ಯಕ್ಕೆ ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವವರಲ್ಲಿ ನಮ್ಮ ಮೈದುನರೂ ಒಬ್ಬರು. ಅಂದು ಫೋಟೊ ಕಳಿಸಲು ನೆಟ್‌ವರ್ಕ್ ಸಿಗಲಿಲ್ಲವೆಂದು ಬೇಸರಪಟ್ಟುಕೊಂಡಿದ್ದರು.

ಸಂಕ್ರಾಂತಿಗೆ ಮನೆಗೆ ಬನ್ನಿ ಮಾರಾಯರೇ, ಅಪ್ಪೆಮಿಡಿ ಉಪ್ಪಿನಕಾಯಿ ಹೊಸ ಭರಣಿ ತೆಗೆಯುತ್ತೇನೆ. ಫೋನ್ ಮಾಡಿ ಬರುತ್ತೇನೆ ಎಂದು ಮಾತ್ರ ಹೇಳಬೇಡಿ, ತಗಲುವುದಿಲ್ಲ. ನಿಮ್ಮ ಕಮೆಂಟುಗಳಿಗೆ ನನ್ನ ಉತ್ತರ ಮುಂದಿನ ಸಲ ಸಾಗರಕ್ಕೆ ಹೋದಾಗ, 250 ರೂಪಾಯಿ ಖರ್ಚಿನಲ್ಲಿ.