ರೈಲು ಹೋದ ಮೇಲೆ ಗೇಟು ಬಂತು

ರೈಲು ಓಡುತ್ತಿದ್ದ ಕಾಲದಲ್ಲಿ ಗೇಟು ಬೀಳುತ್ತಿದ್ದದ್ದು ರಸ್ತೆಯವರಿಗೆ. ರೈಲಿಗೆ ಅಡ್ಡ ನಿಲ್ಲುವ ಧೈರ್ಯ ಯಾರಿಗೂ ಇರಲಿಲ್ಲ. ಮುಚ್ಚಿಹೋದ ಮಾರ್ಗಗಳಲ್ಲಿ ಈಗ ರೈಲಿಲ್ಲ, ಹಳಿಯಿಲ್ಲ, ಹಳಿಯಡಿಯ ಅಡ್ಡ ದಿಮ್ಮಿಗಳಾದ ಸ್ಲೀಪರುಗಳನ್ನೂ ಯಾರೋ ಹೊತ್ತುಕೊಂಡು ಹೋಗಿದ್ದಾರೆ. ಆ ಜಾಗದಲ್ಲಿ ನಡಿಗೆಯ ದಾರಿಯಿದೆ, ಬನ್ನಿ ಎಂದು ಫಲಕ ಕರೆಯುತ್ತದೆ. ಫಲಕದ ಮಗ್ಗುಲಲ್ಲೇ ಗೇಟು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವ ಗಾದೆಗೆ ಕಬ್ಬಿಣದ ಎರಕ ಹೊಯ್ದರೆ ಹೀಗೇ ಕಾಣುತ್ತದೆ.

ಈ ಗೇಟಿನ ಎಂಜಿನಿಯರಿಂಗ್ ನೋಡುವಂಥದ್ದು. ಹಳೇ ರೈಲು ಜಾಡುಗಳು ಹೇರಳವಾಗಿರುವ ಬ್ರಿಟನ್ನಿನಲ್ಲಿ ಜನಪ್ರಿಯವಾದ ಮಾದರಿಯಲ್ಲಿ ಎರಡು ಕಂಬಗಳು ಒಂದರ ಕಡೆಗೊಂದು ವಾಲಿ ನಿಂತಿರುತ್ತವೆ. ಬುಡದಲ್ಲಿ ಅಗಲ, ಮೇಲೆ ಹೋದಂತೆ ಕಿರಿದು. ಮೋಟಾರ್ ಬೈಕಿನ ಹ್ಯಾಂಡಲ್ ಅಲ್ಲಿ ಸಿಕ್ಕಿಬೀಳಲಿ ಎಂಬುದು ಲೆಕ್ಕ. ಬೈಕಿನ ಹ್ಯಾಂಡಲ್ ಅಗಲ 70–80 ಸೆಂ.ಮೀ. ದುರದೃಷ್ಟಕ್ಕೆ ಈಗಿನ ಗುಡ್ಡಗಾಡು ಸೈಕಲ್ಲಿನದೂ ಹೆಚ್ಚುಕಡಿಮೆ ಅಷ್ಟೇ. ಬೈಕು ನಿಲ್ಲುವಷ್ಟು ಕಿರಿದು ಮಾಡಿದರೆ ಸೈಕಲ್ಲೂ ನಿಂತಿತು. ಸೈಕಲ್ ತೂರುವಷ್ಟು ಹಿಗ್ಗಿಸಿದರೆ ಬೈಕೂ ತೂರಿತು. ಗಾಲಿಕುರ್ಚಿಯವರು, ಜೋಡಿ ಸೀಟಿನ ಸೈಕಲ್ಲಿನವರು, ಮಗುವಿನ ಗಾಡಿ ತಳ್ಳುವವರು ಎರಡೂ ಲೆಕ್ಕದಲ್ಲಿ ಹೊರಗೇ. ಬೈಕಿನವನಿಗೆ ಇದ್ಯಾವ ಲೆಕ್ಕವೂ ಬೇಡ. ಇಪ್ಪತ್ತು ಹೆಜ್ಜೆ ಆಚೆ ಬೇಲಿ ಮುರಿದಿದೆಯಲ್ಲ, ಅವನು ಅಲ್ಲಿಂದ ಒಳಗೆ ಬರುತ್ತಾನೆ.

ಬ್ರಿಟನ್ನಿನ ರಾಷ್ಟ್ರೀಯ ಸೈಕಲ್ ಜಾಲವನ್ನು ನೋಡಿಕೊಳ್ಳುವ, ಆಗ ಸಸ್ಟ್ರಾನ್ಸ್ ಎಂಬ ಹೆಸರಿದ್ದ ಸಂಸ್ಥೆ 2018ರಲ್ಲಿ ಇಂಥ ಅಡೆತಡೆಗಳನ್ನು ಎಣಿಸಲು ಕೂತಿತು. ಸಿಕ್ಕಿದ್ದು 16,000ಕ್ಕೂ ಹೆಚ್ಚು. ಆಗ ಜಾಲದ ಉದ್ದವೂ 16,000 ಮೈಲಿಯ ಆಸುಪಾಸಿನದೇ ಆಗಿತ್ತು. ಹಿಂದೆ ರಸ್ತೆ ಬದಿ ಮೈಲಿಗೊಂದು ಕಲ್ಲು ನೆಡುತ್ತಿದ್ದರು. ಇಲ್ಲಿ ಮೈಲಿಗೊಂದು ಗೇಟು. ಅಲ್ಲಿನ ಸರ್ಕಾರದ್ದೇ 2020ರ ಮಾರ್ಗಸೂಚಿ ದಾರಿಯನ್ನು 2.8 ಮೀಟರ್ ಉದ್ದ, 1.2 ಮೀಟರ್ ಅಗಲದ ಸೈಕಲ್ ಸಲೀಸಾಗಿ ಸಾಗುವಂತೆ ರೂಪಿಸಿ, ಗೂಟಗಳ ನಡುವೆ ಕನಿಷ್ಠ 1.5 ಮೀಟರ್ ಬಿಡಿ ಅನ್ನುತ್ತದೆ. ಗೇಟು ನೆಟ್ಟವರು ಮಾರ್ಗಸೂಚಿ ಓದಿಲ್ಲ ಅನ್ನುವ ಹಾಗಿಲ್ಲ. ಕಡತಕ್ಕೆ ಅದನ್ನು ಲಗತ್ತಿಸಿಯೇ ಇರುತ್ತಾರೆ.

ಗೇಟು ದಾಟಿದ ಮೇಲೆ ಸಿಗಬೇಕಾದದ್ದು ಕಾಲಿಗೆ ಇದಕ್ಕಿಂತ ಹಿತವಾದದ್ದು ಇಲ್ಲ ಅನ್ನುವಂಥ ದಾರಿ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಸಲೀಸಾಗಿ ಉರುಳುತ್ತದೆ, ಆದರೆ ಹಿಡಿತ ಕಡಿಮೆ. ಏರು ಕಂಡರೆ ಜಾರುತ್ತದೆ. ಅದಕ್ಕೇ ಹಳೇ ಎಂಜಿನಿಯರುಗಳು 100 ಮೀಟರ್ ನಡೆದರೆ 1 ಮೀಟರ್ ಏರಿದರೆ ಸಾಕು ಎಂದು ಗುಡ್ಡ ಕಡಿದರು, ಆ ಮಣ್ಣನ್ನೇ ಮುಂದಿನ ತಗ್ಗಿಗೆ ಸುರಿದು ಏರಿ ಕಟ್ಟಿದರು. ಹಾಗಾಗಿ ಇಲ್ಲಿ ದಾರಿ ತಪ್ಪಿದ್ದು ತಿಳಿಯಲು ನಕ್ಷೆ ಬೇಕಿಲ್ಲ. ಏದುಸಿರು ಬಂತೋ, ನೀವು ರೈಲು ಜಾಡಿನಲ್ಲಿಲ್ಲ. ದಾರಿ ಮೊಣಕೈಯಂತೆ ಥಟ್ಟನೆ ಮಡಿಸಿಕೊಂಡರೂ ಇಲ್ಲ. ರೈಲು ಹೊರಳಬೇಕಾದರೆ ನೂರಾರು ಮೀಟರ್ ತ್ರಿಜ್ಯ ಬೇಕು. ಬಾಣದ ಗುರುತು ಎತ್ತ ಕಡೆ ತೋರಿಸಿದರೂ ಸರಿ, ಮೊದಲು ಕಾಲನ್ನು ಕೇಳಿ.

ಈ ಸಮತಟ್ಟೇ ಆಮೇಲೆ ಶತ್ರುವಾಗುತ್ತದೆ. ಗುಡ್ಡದ ಕಾಲುದಾರಿಯಲ್ಲಿ ಬಿದ್ದ ನೀರು ತಾನೇ ಇಳಿದು ಹೋಗುತ್ತದೆ. ಇಲ್ಲಿ ಉದ್ದಕ್ಕೆ ಹರಿಯಲು ಇಳಿಜಾರಿಲ್ಲ, ಅಡ್ಡಕ್ಕೇ ಹೋಗಬೇಕು. ರೈಲ್ವೆಯವರಿಗೆ ಅದು ಗೊತ್ತಿತ್ತು. ಕಡಿದ ಗುಡ್ಡದ ನೆತ್ತಿಯಲ್ಲಿ ಒಂದು ಚರಂಡಿ, ಮೇಲಿನ ಹೊಲದ ನೀರು ಪಕ್ಕದ ಇಳಿಜಾರನ್ನು ಕೊರೆಯದಿರಲಿ ಎಂದು. ಬುಡದಲ್ಲಿ ಹಳಿಯ ಎರಡೂ ಮಗ್ಗುಲಿಗೆ ಇನ್ನೆರಡು. ಏರಿಯ ಕೆಳಗೆ ಹಳ್ಳ ಬಂದಲ್ಲೆಲ್ಲ ಮೋರಿ. ಅವನ್ನೆಲ್ಲ ಬಿಡಿಸಲು ಆಳು, ಆಳಿನ ಮೇಲೆ ಮೇಸ್ತ್ರಿ. ರೈಲು ನಿಂತ ದಿನವೇ ಆಳಿನ ಸಂಬಳವೂ ನಿಂತಿತು. ಎಲೆ ಉದುರುತ್ತದೆ, ಕೊಳೆಯುತ್ತದೆ, ಮಣ್ಣಾಗುತ್ತದೆ. ಕೆಲವೇ ವರ್ಷಗಳಲ್ಲಿ ಚರಂಡಿ ಇತ್ತೆಂಬ ಗುರುತೂ ಸಿಗುವುದಿಲ್ಲ.

ಹೊಸ ನಡಿಗೆ ದಾರಿಯ ಅಂದಾಜುಪಟ್ಟಿ ಬಿಡಿಸಿ ನೋಡಿದರೆ ಫಲಕವಿದೆ, ಬೆಂಚಿದೆ, ಸ್ವಾಗತ ಕಮಾನಿದೆ. ಚರಂಡಿ ಇಲ್ಲ. ಚರಂಡಿ ಫೋಟೋದಲ್ಲಿ ಬರುವುದಿಲ್ಲ, ಮೋರಿಗೆ ರಿಬ್ಬನ್ ಕಟ್ಟಿ ಕತ್ತರಿಸಲು ಯಾರೂ ಒಪ್ಪುವುದಿಲ್ಲ. ಮೊದಲ ಮಳೆಗಾಲಕ್ಕೆ ಕೆಸರು. ಕೆಸರಿನ ಮೇಲೆ ಜಲ್ಲಿ ಸುರಿಯುತ್ತಾರೆ, ಜಲ್ಲಿ ಒಳಗಿಳಿಯುತ್ತದೆ. ಮರುವರ್ಷ ಮತ್ತೆ ಸುರಿಯುತ್ತಾರೆ. ತಿನ್ನುವುದನ್ನು ಕೆಸರು ಬಿಡುವುದಿಲ್ಲ, ಬಡಿಸುವುದನ್ನು ಗುತ್ತಿಗೆದಾರ ಬಿಡುವುದಿಲ್ಲ. ಇಬ್ಬರಿಗೂ ಚೆನ್ನಾಗಿ ಹೊಂದಿಕೊಂಡಿದೆ.

ಸರಿಯಾದ ಕ್ರಮ ಗುಟ್ಟೇನಲ್ಲ. ಮೊದಲು ಚರಂಡಿ, ಮೋರಿ ಬಿಡಿಸಬೇಕು. ನೆಲ ಮೆತ್ತಗಿರುವ ಕಡೆ ಮಣ್ಣೂ ಕಲ್ಲೂ ಬೆರೆಯದಂತೆ ನೇಯ್ದ ಪ್ಲಾಸ್ಟಿಕ್ ಹಾಸು ಹಾಸಬೇಕು. ಅದರ ಮೇಲೆ ದಪ್ಪ ಸಣ್ಣ ಎಲ್ಲ ಗಾತ್ರ ಬೆರೆತ ಜಲ್ಲಿ 150 ಮಿ.ಮೀ., ರೋಲರ್ ಹೊಡೆದು. ಅದರ ಮೇಲೆ ಕಲ್ಲುಪುಡಿ 25ರಿಂದ 50 ಮಿ.ಮೀ., ನೀರು ಚಿಮುಕಿಸಿ ಮತ್ತೆ ರೋಲರ್. ಅಗಲ 3 ಮೀಟರ್. ಎಲ್ಲಕ್ಕಿಂತ ಮುಖ್ಯವಾದದ್ದು ಅಡ್ಡ ಇಳಿಜಾರು: 40ಕ್ಕೆ 1, ಅಂದರೆ 3 ಮೀಟರ್ ಅಗಲದಲ್ಲಿ ಒಂದು ಅಂಚು ಏಳೂವರೆ ಸೆಂಟಿಮೀಟರ್ ತಗ್ಗಿರಬೇಕು. ಇಲ್ಲೊಬ್ಬ ಅಧಿಕಾರಿ ತಪ್ಪದೆ ಬರುತ್ತಾನೆ. ರೈಲು ದಾರಿ ಅಂದ ಮೇಲೆ ಸಪಾಟಾಗಿರಬೇಡವೇ ಎಂದು ಮಟ್ಟಗೋಲು ಇಟ್ಟು ನೋಡಿ, ಆ ಏಳೂವರೆ ಸೆಂಟಿಮೀಟರನ್ನು ದೋಷವೆಂದು ಬರೆದು, ಸರಿಪಡಿಸಿ ಹೋಗುತ್ತಾನೆ. ನೀರು ಕೃತಜ್ಞತೆಯಿಂದ ಅಲ್ಲೇ ನೆಲೆಸುತ್ತದೆ.

ಹಳೇ ಜಲ್ಲಿಯನ್ನೇ ಬಿಟ್ಟು ಹಣ ಉಳಿಸುವ ಬುದ್ಧಿವಂತರೂ ಇದ್ದಾರೆ. ಹಳಿಯಡಿಯ ಜಲ್ಲಿಯಲ್ಲಿ ಬೇಕೆಂದೇ ಪುಡಿ ಇರುವುದಿಲ್ಲ, ನೀರು ಇಳಿದು ಹೋಗಲಿ ಎಂದು. ಪುಡಿಯಿಲ್ಲದ್ದರಿಂದಲೇ ಅದು ಬಿಗಿದುಕೊಳ್ಳುವುದಿಲ್ಲ. ಮುಷ್ಟಿಗಾತ್ರದ ಒಂದೊಂದು ಕಲ್ಲೂ ಪಾದದಡಿ ಹೊರಳಿ ಕಣಕಾಲನ್ನು ವಿಚಾರಿಸಿಕೊಳ್ಳುತ್ತದೆ. ಸ್ಲೀಪರ್ ಉಳಿದಿದ್ದರೆ ಇನ್ನೂ ಸೊಗಸು. ಅವುಗಳ ನಡುವಿನ ಅಂತರ 60–70 ಸೆಂ.ಮೀ., ಮನುಷ್ಯನ ಸಹಜ ಹೆಜ್ಜೆಗಿಂತ ತುಸು ಕಮ್ಮಿ. ಒಂದೊಂದಕ್ಕೆ ಹೆಜ್ಜೆ ಹಾಕಿದರೆ ಕುಂಟಿದಂತೆ, ಒಂದು ಬಿಟ್ಟು ಒಂದಕ್ಕೆ ಹಾಕಿದರೆ ಹಾರಿದಂತೆ. ಹಾಗೆಂದು ಹಳೇ ಹಾಸನ್ನು ಅಗೆದು ಎಸೆಯುವುದೂ ಜಾಣತನವಲ್ಲ. ಎಂಜಿನ್ ಬೂದಿ, ಎಣ್ಣೆ, ಕಳೆ ಸಾಯಿಸಲು ಸುರಿದ ಆರ್ಸೆನಿಕ್ ಅದರಲ್ಲಿರಬಹುದು; ಕೆದಕದೆ ಮೇಲೆ ಹಾಸುವುದೇ ಕ್ಷೇಮ.

ಬೆಂಚಿನ ಮಾತೂ ಆಗಿಬಿಡಲಿ. ಪರಂಪರೆಯ ಸ್ಪರ್ಶ ಕೊಡಬೇಕೆಂದು ಹಳೇ ಸ್ಲೀಪರುಗಳಲ್ಲೇ ಬೆಂಚು ಮಾಡಿಸುತ್ತಾರೆ. ಹುಳ ಹಿಡಿಯದಿರಲಿ ಎಂದು ಆ ಮರಕ್ಕೆ ಕ್ರಿಯೊಸೋಟ್ ಎಂಬ ಟಾರಿನ ಎಣ್ಣೆ ಕುಡಿಸಿರುತ್ತಾರೆ. ಬಿಸಿಲಿಗೆ ಅದು ಕರಗಿ ಜಿನುಗುತ್ತದೆ. ಚರ್ಮಕ್ಕೆ ಆಗಾಗ ತಾಗುವಂಥ ಕಡೆ, ಉದ್ಯಾನಗಳಲ್ಲಿ, ಇಂಥ ಮರ ಬಳಸಬಾರದೆಂದು ಐರೋಪ್ಯ ಒಕ್ಕೂಟ ನಿಯಮ ಮಾಡಿದೆ. ಪರಂಪರೆಯ ಸ್ಪರ್ಶ ಪ್ಯಾಂಟಿನ ಹಿಂಭಾಗಕ್ಕಂತೂ ಸಿಕ್ಕೇ ಸಿಗುತ್ತದೆ, ತೊಳೆದರೂ ಹೋಗುವುದಿಲ್ಲ.

ಸೇತುವೆಗಳದ್ದು ಸರಳ ಅರ್ಥಶಾಸ್ತ್ರ. ಕಲ್ಲಿನ ಕಮಾನಿಗೆ ಗುಜರಿ ಬೆಲೆಯಿಲ್ಲ, ಆದ್ದರಿಂದ ಇದೆ. ಕಬ್ಬಿಣದ ತೊಲೆಗೆ ಬೆಲೆಯಿದೆ, ಆದ್ದರಿಂದ ಇಲ್ಲ. ಏರಿಯ ಮೇಲೆ ಹಾಯಾಗಿ ನಡೆಯುತ್ತಿದ್ದವರ ಮುಂದೆ ಇದ್ದಕ್ಕಿದ್ದಂತೆ ಆಕಾಶ. ಆಚೆ ದಡದಲ್ಲಿ ಇನ್ನೊಂದು ಕಲ್ಲುಗೋಡೆ, ಕೆಳಗೆ ರಸ್ತೆ. ಏರಿ 6 ಮೀಟರ್ ಎತ್ತರವಿದ್ದರೆ, ಗಾಲಿಕುರ್ಚಿ ಇಳಿಯಬಲ್ಲ 20ಕ್ಕೆ 1ರ ಇಳಿಜಾರಿಗೆ 120 ಮೀಟರ್ ಉದ್ದ ಬೇಕು, ನಡುನಡುವೆ ದಣಿವಾರಿಸಿಕೊಳ್ಳಲು ಮಟ್ಟಸದ ಜಾಗ ಬೇರೆ. ಮೆಟ್ಟಿಲಾದರೆ 15 ಸೆಂ.ಮೀ.ಗೆ ಒಂದರಂತೆ ನಲವತ್ತು. ಸಮಿತಿಗೆ ನಲವತ್ತೇ ಇಷ್ಟ. ಇಳಿದು, ರಸ್ತೆ ದಾಟಿ, ಆಚೆ ಮತ್ತೆ ನಲವತ್ತು ಹತ್ತಬೇಕು. ಗುಡ್ಡ ಕಡಿದು, ತಗ್ಗು ತುಂಬಿ ಮೈಲಿಗಟ್ಟಲೆ ಉಳಿಸಿದ್ದ ಏರನ್ನೆಲ್ಲ ಒಂದೇ ಕಡೆ ಬಡ್ಡಿ ಸಮೇತ ವಸೂಲಿ ಮಾಡುತ್ತಾರೆ. ಮೆಟ್ಟಿಲಿನ ಬುಡದಲ್ಲಿ ‘ಎಲ್ಲರಿಗಾಗಿ ದಾರಿ’ ಎಂಬ ಫಲಕ.

ಇದೆಲ್ಲ ಶುರುವಾದ ಬಗೆಯೂ ಹಾಗೇ ಇದೆ. 1963ರ ಮಾರ್ಚಿನಲ್ಲಿ ಅಲ್ಲಿನ ರೈಲ್ವೆ ಮಂಡಳಿಯ ಅಧ್ಯಕ್ಷ ರಿಚರ್ಡ್ ಬೀಚಿಂಗ್ ಅವರ ವರದಿ ಬ್ರಿಟನ್ನಿನಲ್ಲಿ 2,363 ನಿಲ್ದಾಣ, ಸುಮಾರು 5,000 ಮೈಲಿ ಮಾರ್ಗ ಮುಚ್ಚಿ ಅಂದಿತು. ಮುಚ್ಚಿದ್ದಷ್ಟೇ ಅಲ್ಲ, ಜಾಗವನ್ನು ತುಂಡು ತುಂಡು ಮಾಡಿ ಮಾರಿದರು. ರೈಲು ಜಾಡಿನ ಬೆಲೆಯಿರುವುದು ಅದರ ಉದ್ದದಲ್ಲಿ. ನಡುವೆ ನೂರು ಗಜ ಹೋದರೆ ಉಳಿದದ್ದು ಬರಿಯ ಉದ್ದನೆಯ ಹಿತ್ತಿಲು. ಅಮೆರಿಕದವರು 1983ರಲ್ಲಿ ಕಾನೂನು ತಿದ್ದಿ, ಮುಂದೊಂದು ದಿನ ರೈಲು ಬಂದೀತು ಎಂದು ಜಾಡನ್ನು ಇಡಿಯಾಗಿ ಕಾದಿರಿಸಿ, ಅಲ್ಲಿಯ ತನಕ ಜನ ನಡೆಯಲಿ ಎಂದರು. ಸ್ಕಾಟ್ಲೆಂಡಿನಲ್ಲಿ 1969ರಲ್ಲಿ ಮುಚ್ಚಿದ ಮಾರ್ಗವೊಂದರ ಭಾಗಕ್ಕೆ 2015ರಲ್ಲಿ ಮತ್ತೆ ರೈಲು ಬಿಟ್ಟರು. ಅಷ್ಟರಲ್ಲಿ ಎಡಿನ್‌ಬರೋದ ಹೊರವರ್ತುಲ ರಸ್ತೆ ಹಳೇ ಜಾಡನ್ನು ಕಡಿದು ಹೋಗಿತ್ತು. ಮತ್ತೆ ಅಗೆದರು.

ಸುರಂಗದ ವಿಷಯದಲ್ಲಿ ಇಂಗ್ಲೆಂಡಿನ ಡರ್ಬಿಶೈರಿನ ಮೊನ್ಸಾಲ್ ಜಾಡನ್ನು ನೋಡಬೇಕು. ರೈಲು 1968ರಲ್ಲಿ ನಿಂತಿತು, 1980ರ ದಶಕದಲ್ಲಿ ನಡಿಗೆಯ ದಾರಿಯಾಯಿತು. ಗುಡ್ಡ ಹತ್ತುವುದು ತಪ್ಪಲಿ ಎಂದೇ ಕೊರೆದ ಸುರಂಗಗಳಿಗೆ ಮಾತ್ರ, ಸುರಕ್ಷತೆಗಾಗಿ ಬೀಗ. ಹಾಗಾಗಿ ಸುರಂಗದ ಬಾಯಿಯ ತನಕ ಸಮತಟ್ಟು, ಅಲ್ಲಿಂದ ಜಾರುವ ಕಡಿದಾದ ಪಕ್ಕದಾರಿ, ಸುರಕ್ಷಿತವಾಗಿ! ದೀಪ ಹಾಕಿ ಬೀಗ ತೆಗೆದದ್ದು 2011ರ ಮೇ ತಿಂಗಳಲ್ಲಿ. ಅದೇ ಜಾಡಿನ ಹೆಡ್‌ಸ್ಟೋನ್ ಮೇಲುಸೇತುವೆ 1863ರ ಹೊತ್ತಿಗೆ ಕಟ್ಟಿದ್ದು. ಕಣಿವೆ ಕೆಟ್ಟುಹೋಯಿತು ಎಂದು ಕಲಾವಿಮರ್ಶಕ ಜಾನ್ ರಸ್ಕಿನ್ ಉರಿದುಬಿದ್ದಿದ್ದರು. 1970ರಲ್ಲಿ ಅದು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿತು. ಈಗ ಜನ ಬರುವುದೇ ಅದು ಚಂದ ಕಾಣುತ್ತದೆ ಎಂದು.

ತೆರೆದ ಸುರಂಗಕ್ಕೆ ಹೋಗುವವರು ದೀಪವಿದೆ ಎಂದು ಫಲಕದಲ್ಲಿದ್ದರೂ ಟಾರ್ಚ್ ಒಯ್ಯಬೇಕು. ಕಚೇರಿಯ ದೀಪಕ್ಕೆ ಕಚೇರಿಯದ್ದೇ ವೇಳೆ. ಬಾತ್ ಊರಿನ ಬಳಿ 2013ರಲ್ಲಿ ತೆರೆದ ಕೂಂಬ್ ಡೌನ್ ಸುರಂಗ 1,672 ಮೀಟರ್, ನಡೆದರೆ ಇಪ್ಪತ್ತೈದು ನಿಮಿಷ; ನಡುವೆ ದೀಪ ಆರಿದರೆ ಹಿಂದೂ ಮುಂದೂ ಒಂದೇ. ಹೊರಗೆ ಸೆಕೆಯಿದ್ದರೂ ಒಳಗೆ ಚಳಿ, ಮೇಲಂಗಿ ಇರಲಿ. ಚಳಿದೇಶದ ಸುರಂಗಗಳಲ್ಲಿ ಇಟ್ಟಿಗೆ ಉದುರುವುದು ಹೆಚ್ಚಾಗಿ ನಡುವಿನಲ್ಲಲ್ಲ, ಬಾಯಿಯ ಹತ್ತಿರ. ಒಸರಿದ ನೀರು ಅಲ್ಲಿ ಹೆಪ್ಪುಗಟ್ಟಿ, ಕರಗಿ, ಇಟ್ಟಿಗೆಯ ಮುಖವನ್ನೇ ಚಕ್ಕೆಯೆಬ್ಬಿಸುತ್ತದೆ. ಫೋಟೋ ತೆಗೆಯಲು ಎಲ್ಲರೂ ನಿಲ್ಲುವುದೂ ಅಲ್ಲೇ. ಬೀಗ ಹಾಕಿದ ಸುರಂಗಕ್ಕೆ ಕಂಬಿ ಬಗ್ಗಿಸಿ ನುಗ್ಗುವ ಸಾಹಸ ಬೇಡ. ಈ ಒಂದು ಗೇಟನ್ನು ಮಾತ್ರ ತಮಾಷೆ ಮಾಡುವ ಹಾಗಿಲ್ಲ: ಒಳಗೆ ಗಾಳಿ ಕೆಟ್ಟಿರಬಹುದು, ನೀರು ಎಷ್ಟು ಆಳ ನಿಂತಿದೆಯೋ ಕಾಣುವುದಿಲ್ಲ.

ಇನ್ನು ಇಂಗ್ಲೆಂಡಿನ ಕಂಬ್ರಿಯಾದ ಗ್ರೇಟ್ ಮಸ್‌ಗ್ರೇವ್ ಹಳ್ಳಿ. 1862ರ ಒಂಟಿ ಕಮಾನಿನ ಕಲ್ಲುಸೇತುವೆ. ಮೇಲೆ ಹಳ್ಳಿಯ ರಸ್ತೆ, ಕೆಳಗೆ ಹಳಿ ಕಿತ್ತ ಜಾಡು. ಜಾಡಿನ ಎರಡು ತುದಿಗಳಲ್ಲಿ ಹಳೇ ರೈಲುಗಳನ್ನು ಉಳಿಸಿ ಓಡಿಸುವ ಎರಡು ಪಾರಂಪರಿಕ ರೈಲು ಸಂಸ್ಥೆಗಳು ಎಂದಾದರೊಮ್ಮೆ ಈ ಕಮಾನಿನಡಿ ಕೂಡುವ ಕನಸು ಕಾಣುತ್ತಿದ್ದವು. ಕೆಳಗೆ ಹಾಯುವುದು ಗಾಳಿ ಮಾತ್ರ. 2021ರಲ್ಲಿ, ಇಂಥ ಹಳೇ ರೈಲು ಸೇತುವೆಗಳ ಉಸ್ತುವಾರಿ ಹೊತ್ತ ಹೆದ್ದಾರಿ ಸಂಸ್ಥೆಗೆ ಸೇತುವೆ ಕುಸಿದೀತೆಂಬ ಆತಂಕ ಹುಟ್ಟಿತು. ಗಾರೆ ಹಾಕುವ ಮೇಸ್ತ್ರಿಯ ಬದಲು ಲಾರಿಗಳು ಬಂದವು. ಕಮಾನಿನ ಹೊಟ್ಟೆಗೆ ಸಾವಿರ ಟನ್ನಿಗೂ ಮಿಕ್ಕಿ ಜಲ್ಲಿ ಮತ್ತು ಕಾಂಕ್ರೀಟ್ ತುಂಬಿದರು. ಖರ್ಚು 1,24,000 ಪೌಂಡ್. ತುರ್ತು ಕಾಮಗಾರಿಯ ನಿಯಮದಡಿ ಮಾಡಿದ್ದರಿಂದ ಮುಂಚೆ ಯಾರ ಅನುಮತಿಯೂ ಬೇಕಿರಲಿಲ್ಲ. ಆದರೆ ಆ ನಿಯಮದ ತುರ್ತಿಗೆ ಹನ್ನೆರಡು ತಿಂಗಳ ಆಯಸ್ಸು. ಆಮೇಲೆ ಅರ್ಜಿ ಹಾಕಿದರು, 2022ರಲ್ಲಿ ಸ್ಥಳೀಯ ಕೌನ್ಸಿಲ್ ಒಪ್ಪಲಿಲ್ಲ, ತುಂಬಿದ್ದನ್ನು ತೆಗೆಯಿರಿ ಅಂದಿತು. 2023ರಲ್ಲಿ ಮತ್ತೆ ಯಂತ್ರಗಳು ಬಂದವು, ತುಂಬಿದ್ದನ್ನೆಲ್ಲ ಬಗೆದು ಹೊರಗೆ ಹಾಕಿದವು. ಅದರ ಬಿಲ್ಲು ಬೇರೆ. ತುಂಬಿದಾಗಲೂ ಬಗೆದಾಗಲೂ 1862ರ ಕಮಾನು ಮಾತ್ರ ಇದ್ದಲ್ಲೇ ನಿಂತಿತ್ತು.