ಪ್ರಶ್ನೆಯನ್ನೂ ಮಕ್ಕಳಿಗೇ ಬಿಡೋಣ

"ಅಪ್ಪಾ, ಇವತ್ತು ನಾವು ಎಂಜಲು ತೂಗಿದ್ವಿ!" ಫಿನ್ಲೆಂಡಿನ ಎಸ್ಪೋದಲ್ಲಿ ನಾಲ್ಕನೇ ತರಗತಿ ಓದುವ ಮಗಳು ಒಂದು ಸಂಜೆ ಹೀಗೆ ಹೇಳುತ್ತಾ ಬಂದಳು. ಇಲ್ಲಿ 1948ರಿಂದಲೂ ಮಕ್ಕಳಿಗೆಲ್ಲ ಶಾಲೆಯಲ್ಲೇ ಪುಕ್ಕಟೆ ಊಟ. ಮಿಕ್ಕಿದ್ದು ಎಷ್ಟು ಕಸಕ್ಕೆ ಹೋಗುತ್ತದೆ ಅಂತ ಮಕ್ಕಳೇ ತಕ್ಕಡಿ ಇಟ್ಟು ನೋಡಿದ್ದರು.

2016ರಲ್ಲಿ ಜಾರಿಗೆ ಬಂದ ಇಲ್ಲಿನ ಪಠ್ಯಕ್ರಮದಂತೆ, ಹಲವು ವಿಷಯ ಬೆರೆತ ಪಾಠವೊಂದು ವರ್ಷಕ್ಕೊಮ್ಮೆಯಾದರೂ ಪ್ರತಿ ಮಗುವಿಗೂ ಸಿಗಬೇಕು. ಅದನ್ನು ರೂಪಿಸುವಾಗ ಮಕ್ಕಳ ಮಾತೂ ಸೇರಬೇಕು. ಮಗಳ ಟೀಚರ್ ಮೊದಲೇ ಗೊತ್ತು ಮಾಡಿಕೊಂಡಿದ್ದು ಎರಡೇ: ಗಣಿತದಲ್ಲಿ ಅಳತೆ, ಭಾಷೆಯಲ್ಲಿ ಸಂದರ್ಶನ. ಯಾವ ತೊಂದರೆ ಹಿಡಿಯಬೇಕು ಅನ್ನುವುದನ್ನು ಮಕ್ಕಳಿಗೇ ಬಿಟ್ಟರು.

ಮೊದಲ ವಾರ ಪೂರ್ತಿ ಬರೀ ಹುಡುಕಾಟ. ಊಟ ರುಚಿಯಿಲ್ಲ, ಅದಕ್ಕೇ ಚೆಲ್ಲುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ಒಂದನೇ ತರಗತಿಯವರನ್ನು ಕೇಳಿದಾಗ ಬೇರೆಯೇ ಉತ್ತರ ಬಂತು. ಸೌಟು ದೊಡ್ಡದು, ಒಂದು ಸಲ ಬಡಿಸಿಕೊಂಡರೆ ತಟ್ಟೆ ತುಂಬಿಬಿಡುತ್ತಿತ್ತು! ಮಕ್ಕಳು ಅಂಟಿಸಿದ ಪೋಸ್ಟರ್‌ನಿಂದ ಏನೂ ಆಗಲಿಲ್ಲ. ಆಮೇಲೆ ಚಿಕ್ಕ ಸೌಟು ಇಟ್ಟು ಮತ್ತೆ ತೂಗಿದರು. ಎಂಜಲು ಕಡಿಮೆಯಾಗಿತ್ತು.

ಡಿಸೈನ್ ಥಿಂಕಿಂಗ್ ಅನ್ನುವುದು ಇದನ್ನೇ. ಕಷ್ಟ ಯಾರದೋ ಅವರನ್ನು ಕೇಳು, ಏನಾದರೂ ಮಾಡಿ ನೋಡು, ಸರಿಹೋಗದಿದ್ದರೆ ಬದಲಿಸು.

ಅರಸೀಕೆರೆಯ ಕಡೆ ನಾನು ಓದುವಾಗ ವಿಜ್ಞಾನ ವಸ್ತುಪ್ರದರ್ಶನಕ್ಕೆ ಥರ್ಮಕೋಲ್‌ನಲ್ಲಿ ಜ್ವಾಲಾಮುಖಿ ಮಾಡಿದ್ದೆ. ಶಾಲೆಯ ನಲ್ಲಿಯಲ್ಲಿ ನೀರೇ ಬರುತ್ತಿರಲಿಲ್ಲ. ಅದೂ ಒಂದು ಪಾಠವಾಗಬಹುದು ಅಂತ ನಮಗೆ ಯಾರೂ ಹೇಳಲಿಲ್ಲ. ಇವತ್ತಿಗೂ ಆ ಬೇಸರ ಹೋಗಿಲ್ಲ.

ಹಾಗಂತ ಇದೆಲ್ಲ ನಮಗೆ ಹೊಸದೇನಲ್ಲ. ಮಕ್ಕಳು ತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿ 1995ರಲ್ಲೇ ಎಚ್.ಡಿ. ಕೋಟೆಯಲ್ಲಿ ಶುರುವಾಯಿತು. ಮಕ್ಕಳ ಸಂತೆಯಲ್ಲಿ ಸೊಪ್ಪು ಮಾರಿ ಚಿಲ್ಲರೆ ಎಣಿಸುವ ಹುಡುಗಿಯ ಲೆಕ್ಕ ಎಷ್ಟು ಚುರುಕು, ಅಲ್ವಾ? ಆದರೆ ಸಂತೆ ಯಾವತ್ತು, ಯಾಕೆ ಅನ್ನುವುದನ್ನು ದೊಡ್ಡವರೇ ತೀರ್ಮಾನಿಸುತ್ತಾರೆ. ಬಿಟ್ಟುಕೊಡಬೇಕಾದ್ದು ಅದನ್ನೇ.

ಊರಲ್ಲಿ ಟೀಚರ್ ಆಗಿರುವ ಅಕ್ಕನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ನನ್ನ ಕ್ಲಾಸಲ್ಲಿ 38 ಮಕ್ಕಳು ಕಣೋ, ಪಾಠ ಮುಗಿಸೋದು ಯಾವಾಗ?" ಅಂದಳು. ಅವಳ ಮಾತು ನಿಜ. ಇಲ್ಲಿ ತರಗತಿಗೆ ಇಪ್ಪತ್ತು ಚಿಲ್ಲರೆ ಮಕ್ಕಳು ಅಷ್ಟೇ. ವರ್ಷಕ್ಕೆ ಎರಡೇ ವಾರ ಕೊಡು ಅಂದೆ.

ಹೋದ ವಾರ ಅವಳೇ ಫೋನ್ ಮಾಡಿದಳು. ಅವಳ ಮಕ್ಕಳಿಗೆ ಎಂಜಲಿನ ಚಿಂತೆಯೇ ಇಲ್ಲವಂತೆ. ಬಿಸಿಯೂಟ ಆದಮೇಲೆ ತಟ್ಟೆ ತೊಳೆದ ನೀರು ಸುಮ್ನೆ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರಂತೆ. ಈಗ ನಲ್ಲಿ ಕೆಳಗೆ ಬಕೆಟ್ ಇಟ್ಟು ಅಳೆಯುತ್ತಿದ್ದಾರೆ.