ಮೇಸ್ತ್ರಿಯ ‘ಆವು’

ಇವತ್ತು ಬೆಳಿಗ್ಗೆ ಕಾವಲಿಗೆ ಎಣ್ಣೆ ಸವರುವ ಮೊದಲೇ ಮೇಲಿನಿಂದ ನೀರು ಬಿತ್ತು. ಚುಂಯ್ ಅಂತ. ದೋಸೆ ಹೊಯ್ಯುವ ಮೊದಲು ಕಾವಲಿ ಕಾದಿದೆಯಾ ಅಂತ ನೀರು ಚಿಮುಕಿಸಿ ನೋಡುತ್ತೇವಲ್ವಾ, ನಮ್ಮಲ್ಲಿ ಆ ಕೆಲಸವನ್ನು ಈಗ ಮನೆಯ ಮಾಡು, ಅಂದರೆ ಛಾವಣಿಯೇ, ಮಾಡುತ್ತದೆ.

ಒಲೆಯ ಮೇಲ್ಗಡೆ ಮೂರು ಕನ್ನಡಿ ಹಂಚುಗಳಿವೆ, ಬೆಳಕಿಗೆ ಅಂತ ಇಡುವ ಗಾಜಿನ ಹಂಚು, ಅಜ್ಜನ ಕಾಲದ್ದು. ನಡುವಿನದರ ಮೂಲೆಯನ್ನು ಏಪ್ರಿಲ್ ತಿಂಗಳಲ್ಲಿ ಮಂಗಗಳು ಹಾರಿ ಮುರಿದವು. ಕಾಸರಗೋಡಿನ ಕುಂಬಳೆ ಕಡೆಯ ಹಳೆ ಮನೆಯವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ವಿಷು ಕಳೆದ ವಾರವೇ ಮೇಸ್ತ್ರಿಗೆ ಹೇಳಿದ್ದೆ.

ನಮ್ಮ ಮೇಸ್ತ್ರಿ ಒಳ್ಳೆಯವರು, ಕೆಲಸವೂ ಚಂದ. ಆದರೆ ಅವರ ಬಾಯಲ್ಲಿ ಇರುವುದು ಒಂದೇ ಮಾತು, ‘ಆವು’. ತುಳುವಿನಲ್ಲಿ ಆಗಲಿ, ಸರಿ ಅಂತ ಅರ್ಥ. “ನಾಳೆ ಬರ್ತೀರಾ?” ಆವು. “ಖಂಡಿತ?” ಆವು. “ಮೊನ್ನೆಯೂ ಹೀಗೇ ಹೇಳಿದ್ರಲ್ಲ?” ಅದಕ್ಕೂ ಆವು! ಮೂರು ತಿಂಗಳಲ್ಲಿ ನಾನು ಇದರ ವ್ಯಾಕರಣವನ್ನೇ ಕಲಿತಿದ್ದೇನೆ. ಚುಟುಕಾಗಿ ಆವು ಅಂದರೆ ಕಿವಿಗೆ ಬಿತ್ತು ಅಂತ, ಅಷ್ಟೇ. ಆ... ಅಂತ ಎಳೆದರೆ ಅವರು ಇನ್ಯಾರದೋ ಮನೆಯ ಮಾಡಿನ ಮೇಲಿದ್ದಾರೆ. ‘ಆವಾವು’ ಅಂತ ಜೋಡಿಸಿ ಹೇಳಿದರೆ ಫೋನ್ ಇಡು ಮಾರಾಯ್ತಿ ಅಂತ. ನಿಜವಾಗಿ ಬರುವ ದಿನ ಮಾತ್ರ ಏನೂ ಹೇಳುವುದಿಲ್ಲ. ನಾವು ಸೀರೆ ಉಟ್ಟು ಮದುವೆಗೆ ಹೊರಟು ನಿಂತಾಗ ಏಣಿ ಹಿಡಿದುಕೊಂಡು ಅಂಗಳದಲ್ಲಿ ಪ್ರತ್ಯಕ್ಷ.

ಕಳೆದ ಭಾನುವಾರ ಆದದ್ದೂ ಹಾಗೆಯೇ. ಅದೇ ಹೊತ್ತಿಗೆ ಅಕ್ಕನ ಮಗನ ವಿಡಿಯೋ ಕಾಲ್. ಅವನು ಜರ್ಮನಿಯಲ್ಲಿದ್ದಾನೆ. ಅಲ್ಲಿ ಒಂದು ಹಳೇ ಕಟ್ಟಡದ ಗಾಜಿನ ಮಾಡಿಗೆ ಬೆಂಕಿ ತಡೆಯುವ ಗಾಜು ಕೂರಿಸುವ ಕೆಲಸ. ಸೋರುವ ಜಾಗ ತೋರಿಸಿದ್ದೇ ತಪ್ಪಾಯಿತು. “ಚಿಕ್ಕಮ್ಮ, ಒಲೆ ಮೇಲೆ ಸಾದಾ ಗಾಜಾ?” ಅಂತ ಶುರು ಮಾಡಿದ. ಲಂಡನ್ನಿನಲ್ಲಿ 1851ರಲ್ಲಿ ಕಟ್ಟಿದ ಗಾಜು, ಕಬ್ಬಿಣದ ದೊಡ್ಡ ಕಟ್ಟಡ ಕ್ರಿಸ್ಟಲ್ ಪ್ಯಾಲೇಸ್ 1936ರಲ್ಲಿ ಒಂದೇ ರಾತ್ರಿ ಸುಟ್ಟುಹೋದ ಕತೆ ಬಂತು. ಲಾಲ್‌ಬಾಗಿನ ಗಾಜಿನ ಮನೆ ಅದನ್ನೇ ನೋಡಿ ಕಟ್ಟಿಸಿದ್ದಂತೆ. ಗಂಡ ಕಾರಿನ ಹಾರ್ನ್ ಒತ್ತುತ್ತಿದ್ದರು. ನಾನು ಫೋನನ್ನು ಮೇಸ್ತ್ರಿಯ ಕೈಗೆ ಕೊಟ್ಟೆ.

“ಸಾದಾ ಗಾಜು ಬೆಂಕಿಗೆ ಸಿಡಿಯುತ್ತದೆ ಮೇಸ್ತ್ರಿ. ನಮ್ಮದರಲ್ಲಿ ಪದರಗಳ ನಡುವೆ ಒಂದು ಲೋಳೆ ಇರುತ್ತದೆ, ಕಾವು ತಾಗಿದರೆ ಹಪ್ಪಳದ ಹಾಗೆ ಉಬ್ಬಿ ಬಿಳಿಯಾಗಿ ಕಾವನ್ನು ತಡೆಯುತ್ತದೆ.”

“ಆವು.”

“ಗಾಜಿಗೆ ಇಐ 60 ದರ್ಜೆ ಅಂದರೆ 60 ನಿಮಿಷ ಬೆಂಕಿಯೂ ದಾಟಬಾರದು, ಕಾವೂ ದಾಟಬಾರದು.”

“ಆವು.”

“ಸೈಟಿನಲ್ಲಿ ಕತ್ತರಿಸುವ ಹಾಗಿಲ್ಲ. ಅಳತೆ ಕೊಟ್ಟೇ ಮಾಡಿಸಬೇಕು. ಅಂಚಿನಿಂದ ನೀರು ಒಳಗೆ ಹೋದರೆ ಗಾಜು ಮಬ್ಬಾಗುತ್ತದೆ.”

“ಆವಾವು.”

ಅವನಿಗೆ ಆದ ಖುಷಿ ಏನು ಹೇಳಲಿ! “ಚಿಕ್ಕಮ್ಮ, ಇಲ್ಲಿ ಒಂದೊಂದಕ್ಕೂ ವಾದ ಮಾಡ್ತಾರೆ. ಹಳೇ ಕಬ್ಬಿಣದ ಪಟ್ಟಿಗಳು ತೆಳು ಗಾಜಿಗೆ ಅಂತ ಮಾಡಿದ್ದು. ಈಗಿನ ಭಾರ ಹೊರಬೇಕು, ಆದರೆ ಹೊರಗಿನಿಂದ ನೋಡಿದರೆ ಹಳೆಯದರ ಹಾಗೇ ಕಾಣಬೇಕು. ಇಂಥ ಮೇಸ್ತ್ರಿ ಇಲ್ಲಿ ಸಿಗೋದೇ ಇಲ್ಲ.” ಗಾಜಿಗೆ ಒಂದು ಮಿಲಿಮೀಟರ್ ದಪ್ಪಕ್ಕೆ ಚದರ ಮೀಟರಿಗೆ ಎರಡೂವರೆ ಕಿಲೋ ಲೆಕ್ಕವಂತೆ. 25 ಮಿಲಿಮೀಟರ್ ಗಾಜಾದರೆ ನಮ್ಮ ಒಂದು ಹಂಚಿನಷ್ಟಕ್ಕೇ ಆರು ಕಿಲೋ ದಾಟುತ್ತದೆ. ನಮ್ಮ ಹಂಚು ಹೊರುವ ಮರದ ಪಕ್ಕಾಸು, ರೀಪುಗಳು ಅಜ್ಜನ ಕಾಲದವು. ಈ ಭಾರ ಕೂರಿಸಿದರೆ ಬೆಂಕಿ ಬೇಕಾಗಿಯೇ ಇಲ್ಲ.

ಹಾಗಂತ ಅವನು ಹೇಳಿದ್ದು ಪೂರ್ತಿ ತಮಾಷೆಯಲ್ಲ. ಈ ಮನೆಗೆ ಮೊದಲು ಮುಳಿಹುಲ್ಲಿನ ಮಾಡು ಇತ್ತಂತೆ. ಒಂದು ಬೇಸಿಗೆಯಲ್ಲಿ ಒಲೆಯ ಕಿಡಿ ಹಾರಿ ಅರ್ಧ ಮನೆ ಹೋಯಿತು. ಆಮೇಲೆಯೇ ಅಜ್ಜ ಮಂಗಳೂರು ಹಂಚು ತರಿಸಿದ್ದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಶುರು ಮಾಡಿದ ಹಂಚಿನ ಕಸುಬು ನಮ್ಮ ಅಡಿಗೆಕೋಣೆಗೆ ಬಂದದ್ದು ಹಾಗೆ. ಹೊಗೆಯಲ್ಲಿ ಅಜ್ಜಿಗೆ ಕಣ್ಣು ಕಾಣುವುದಿಲ್ಲ ಅಂತ ಈ ಮೂರು ಕನ್ನಡಿ ಹಂಚುಗಳನ್ನು ಇಟ್ಟದ್ದಂತೆ. ಅದರಿಂದ ಬಿದ್ದ ಬಿಸಿಲಿನ ಚೌಕ ಕಡೆಯುವ ಕಲ್ಲಿನ ಹತ್ತಿರ ಬಂದರೆ ಅಜ್ಜಿ ಅನ್ನ ಬಸಿಯಲು ಏಳುತ್ತಿದ್ದರು. ಗಡಿಯಾರ ನೋಡಿದ್ದನ್ನು ನಾನು ಕಂಡಿಲ್ಲ.

ಭಾನುವಾರ ನಾವು ಮದುವೆ ಊಟ ಮುಗಿಸಿ ಬರುವಾಗ ಮೇಸ್ತ್ರಿಯ ಕೆಲಸ ಆಗಿತ್ತು. ಒಡೆದ ಹಂಚಿನ ಅಡಿಗೆ ಒಂದು ಅಡಕೆ ಹಾಳೆ ತುರುಕಿ ಹೋಗಿದ್ದಾರೆ. ಒಣಗಿದ್ದು, ಒಳ್ಳೇ ಗರಿಗರಿ. ನಾವು ದಿನಾ ಒಲೆ ಹೊತ್ತಿಸುವುದೇ ಅದರಿಂದ. ಕತ್ತಲಾಯಿತು ನೋಡಿ ಅಡಿಗೆಕೋಣೆ, ಹಾಡುಹಗಲೇ ಲೈಟು. ಮೊದಲು ನೀರು ಸುಮ್ನೆ ನೆಲಕ್ಕೆ ಬೀಳುತ್ತಿತ್ತು, ಒಂದು ಬಾಲ್ದಿ ಇಟ್ಟರೆ ಸಾಕಿತ್ತು. ಈಗ ಹಾಳೆಯ ಮೇಲೆ ಜಾರಿಕೊಂಡು ಬಂದು ಸರಿಯಾಗಿ ಕಾವಲಿಗೇ.

ಅಕ್ಕನ ಮಗ ಎರಡು ಸಲ ಮೆಸೇಜು ಹಾಕಿದ್ದಾನೆ. ಮೇಸ್ತ್ರಿ ಕೊನೆಗೆ ಯಾವ ಗಾಜು ಹಾಕಿದರು, ಫೋಟೋ ಬೇಕಂತೆ, ಆಫೀಸಿನಲ್ಲಿ ಎಲ್ಲರಿಗೂ ತೋರಿಸುತ್ತಾನಂತೆ. ಹಾಳೆಯ ಫೋಟೋ ತೆಗೆದಿಟ್ಟಿದ್ದೇನೆ. ಇನ್ನೂ ಕಳಿಸಿಲ್ಲ.